ಗಾಡಿಯ ರಸ್ತೆ ಮುಗಿದ ಮೇಲಿನ ದಾರಿ: 1773ರ ಒಂದು ಉತ್ತರದ ಪ್ರವಾಸ

ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣದಿಂದ ಪಶ್ಚಿಮ ಕರಾವಳಿಯ ಗ್ಲೆನೆಲ್ಗ್ ಎಂಬ ಹಳ್ಳಿಗೆ ಈಗ ಕಾರಿನಲ್ಲಿ ಹೋಗುವವರಿಗೆ ಎರಡು ಗಂಟೆಯ ಆಸುಪಾಸು ಹಿಡಿಯುತ್ತದೆ. ಅದರಾಚೆಯ ಸ್ಕೈ ದ್ವೀಪಕ್ಕಂತೂ 1995ರಿಂದ ಸೇತುವೆಯೇ ಇದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹಿಂದಿನ ವರ್ಷ ಆ ಕಡೆ ಕಾರು ಬಾಡಿಗೆಗೆ ಹಿಡಿದು ಸುತ್ತಿ ಬಂದು ನನಗೆ ಚಿತ್ರಗಳನ್ನು ಕಳುಹಿಸಿದ್ದರು. ಚಿತ್ರಗಳ ತುಂಬ ಮಂಜು, ಮಳೆ ಮತ್ತು ತೊಯ್ದು ನಿಂತ ಕುರಿಗಳು. ಅದೇ ದಾರಿಯಲ್ಲಿ ಇನ್ನೂರೈವತ್ತು ವರ್ಷಗಳ ಹಿಂದೆ ಒಂದು ಸಣ್ಣ ತಂಡ ಹೋಗಿಬಂದ ಕಥೆಯನ್ನು ಬರೆಯುತ್ತೇನೆಂದು ಆಗ ಅವರಿಗೆ ಮಾತು ಕೊಟ್ಟಿದ್ದೆ. ಆ ತಂಡದ ನಾಯಕ ಇಂಗ್ಲಿಷ್ ನಿಘಂಟಿನ ಕರ್ತೃ ಸ್ಯಾಮ್ಯುಯೆಲ್ ಜಾನ್ಸನ್. ಜೊತೆಗಾರ ಜೇಮ್ಸ್ ಬಾಸ್ವೆಲ್.

ಜಾನ್ಸನ್ ಆ ಪ್ರವಾಸಕ್ಕೆ ಹೊರಟಾಗ ಅವನಿಗೆ ಅರವತ್ತಮೂರು ತುಂಬಿ ಅರವತ್ತನಾಲ್ಕು ಸಮೀಪಿಸಿತ್ತು. ಭಾರೀ ದೇಹ, ಮಂದ ದೃಷ್ಟಿ, ಮಂದ ಕಿವಿ, ಬಾಲ್ಯದಲ್ಲಿ ಬಂದ ಗಂಡಮಾಲೆಯ ಕಲೆಗಳು. ಲಂಡನ್ನಿನ ಬೀದಿಗಳನ್ನು ಬಿಟ್ಟು ಬದುಕುವುದೇ ಬೇಡವೆನ್ನುವ ಮನುಷ್ಯ. ಅದಕ್ಕಿಂತ ಮಿಗಿಲಾಗಿ, ಸ್ಕಾಟ್ಲೆಂಡಿನವರನ್ನು ಗೇಲಿ ಮಾಡುವುದರಲ್ಲಿ ಅವನು ಪ್ರಸಿದ್ಧ. 1755ರ ತನ್ನ ನಿಘಂಟಿನಲ್ಲಿ ಓಟ್ಸ್ ಧಾನ್ಯಕ್ಕೆ ಅರ್ಥ ಬರೆಯುವಾಗಲೂ, ಇಂಗ್ಲೆಂಡಿನ ಕುದುರೆಗಳು ತಿನ್ನುವುದನ್ನು ಸ್ಕಾಟ್ಲೆಂಡಿನಲ್ಲಿ ಜನ ತಿನ್ನುತ್ತಾರೆಂಬ ಧಾಟಿಯಲ್ಲಿ ಚುಚ್ಚಿದ್ದವನು. ಬಾಸ್ವೆಲ್ಲನಾದರೋ ಮೂವತ್ತೆರಡರ ಸ್ಕಾಟಿಷ್ ವಕೀಲ, ನ್ಯಾಯಾಧೀಶರೊಬ್ಬರ ಮಗ. ಕುಡಿತ ಹೆಚ್ಚು, ಮಾತು ಹೆಚ್ಚು, ಆದರೆ ದಿನಚರಿ ಬರೆಯುವ ಶಿಸ್ತಿನಲ್ಲಿ ಅವನನ್ನು ಮೀರಿಸಿದವರು ಅಪರೂಪ. ಈ ಮುದುಕನನ್ನು ತನ್ನ ನಾಡಿಗೆ ಕರೆತರಬೇಕೆಂಬುದು ಅವನ ಬಹುದಿನಗಳ ಹಂಬಲವಾಗಿತ್ತು.

ಮುದುಕನಿಗೂ ಒಳಗೊಳಗೇ ಆಸೆ ಇತ್ತು. ಲಿಚ್‌ಫೀಲ್ಡಿನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಅವನ ತಂದೆ, ಮಗ ಚಿಕ್ಕವನಾಗಿದ್ದಾಗ ಮಾರ್ಟಿನ್ ಮಾರ್ಟಿನ್ ಎಂಬವನು ಬರೆದ ಪಶ್ಚಿಮ ದ್ವೀಪಗಳ ವರ್ಣನೆಯ ಪುಸ್ತಕವನ್ನು ಅವನ ಕೈಗಿತ್ತಿದ್ದನು. ಹುಡುಗ ಅದನ್ನು ಓದಿ ಮೆಚ್ಚಿದ್ದನು. ಆ ಮೆಚ್ಚುಗೆ ಅರ್ಧ ಶತಮಾನ ಮೀರಿ ಉಳಿದುಕೊಂಡಿತು. ಚಿಕ್ಕಂದಿನಲ್ಲಿ ಕೈಗೆ ಬಿದ್ದ ಪುಸ್ತಕಗಳ ವಿಷಯದಲ್ಲಿ ತಂದೆತಾಯಿಗಳು ಎಚ್ಚರವಾಗಿರಬೇಕೆಂದು ನಾನು ಹೇಳುತ್ತಿದ್ದುದು ಇಂಥ ಕಾರಣಕ್ಕೆ. ಯಾವುದು ಎಲ್ಲಿ ಮೊಳೆಯುವುದೋ ಹೇಳಲಾಗದು.

1773ರ ಆಗಸ್ಟ್ 18ರಂದು ಅವರು ಎಡಿನ್‌ಬರೋ ಬಿಟ್ಟರು. ಜಾನ್ಸನ್ ದಾರಿಯಲ್ಲಿ ಕಳ್ಳಕಾಕರ ಭಯವಿದ್ದೀತೆಂದು ಲಂಡನ್ನಿನಿಂದ ಒಂದು ಜೊತೆ ಪಿಸ್ತೂಲು, ಮದ್ದು, ಗುಂಡುಗಳನ್ನು ಕಟ್ಟಿಕೊಂಡು ಬಂದಿದ್ದನು. ಬಾಸ್ವೆಲ್ ನಕ್ಕು ಅವನ್ನು ಮನೆಯಲ್ಲೇ ಬಿಡಿಸಿದನು. ದೊಡ್ಡ ಕಂದು ಬಣ್ಣದ ನಿಲುವಂಗಿ; ಅದರ ಜೇಬುಗಳಲ್ಲಿ ಆ ಮಹಾನಿಘಂಟಿನ ಎರಡು ಸಂಪುಟಗಳೂ ಹಿಡಿಸಬಹುದಿತ್ತೆಂದು ಬಾಸ್ವೆಲ್ ತಮಾಷೆ ಮಾಡುತ್ತಾನೆ. ಕೈಯಲ್ಲಿ ಒಂದು ದಪ್ಪ ಓಕ್ ದೊಣ್ಣೆ. ಅಳತೆಗೆಂದು ಅದರ ಮೇಲೆ ಒಂದು ಅಡಿಗೂ ಒಂದು ಗಜಕ್ಕೂ ಮೊಳೆಗಳನ್ನು ಹೊಡೆಸಿದ್ದನು. ಕಂಡದ್ದನ್ನು ಅಳೆಯದೆ ಬರೆಯಬಾರದೆಂಬುದು ಅವನ ವ್ರತ. ಇವರಿಬ್ಬರ ಜೊತೆಗೆ ಬಾಸ್ವೆಲ್ಲನ ಸೇವಕ ಜೋಸೆಫ್ ರಿಟರ್, ಬೊಹೀಮಿಯಾ ದೇಶದವನು, ಆರಡಿಗೂ ಎತ್ತರದ ಆಳು.

ಸೇಂಟ್ ಆಂಡ್ರೂಸ್, ಅಬರ್ಡೀನ್, ಬ್ಯಾನ್ಫ್, ಎಲ್ಗಿನ್ ಎಂದು ಪೂರ್ವ ಕರಾವಳಿಯುದ್ದಕ್ಕೂ ಅವರು ಬಾಡಿಗೆ ಕುದುರೆಗಾಡಿಯಲ್ಲಿ ಸಾಗಿದರು. ಈ ಭಾಗವನ್ನು ನಾನು ಬೇಗ ದಾಟಿಸುತ್ತೇನೆ. ಮರಗಳಿಲ್ಲ, ಮರಗಳಿಲ್ಲ ಎಂದು ಜಾನ್ಸನ್ ಗೊಣಗಿದ್ದೂ, ಪಾಳುಬಿದ್ದ ಇಗರ್ಜಿಗಳನ್ನು ಕಂಡು ಮರುಗಿದ್ದೂ ಬಿಟ್ಟರೆ ಅಲ್ಲಿ ಹೆಚ್ಚೇನೂ ನಡೆಯಲಿಲ್ಲ. ನಿಜವಾದ ಪ್ರವಾಸ ಆರಂಭವಾಗುವುದು ಇನ್ವರ್ನೆಸ್‌ನಲ್ಲಿ. ಗಾಲಿಗಳು ಉರುಳುವ ನಾಡು ಅಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದು ದಿನದ ಮಟ್ಟಿಗೆ ಗಾಡಿ ಓಡಿಸಬಹುದಿತ್ತು. ಆದರೆ ಆಮೇಲೆ ಬಾಡಿಗೆಗೆ ಕುದುರೆಗಳು ಸಿಕ್ಕುವಂತಿರಲಿಲ್ಲ. ಆದ್ದರಿಂದ ಆಗಸ್ಟ್ 30ರ ಬೆಳಗ್ಗೆ ಅಲ್ಲಿಯೇ ನಾಲ್ಕು ಕುದುರೆಗಳನ್ನು ಹಿಡಿದರು. ಮೂವರಿಗೆ ಮೂರು, ಸಾಮಾನಿಗೆ ಒಂದು. ಜಾನ್ ಹೇ, ಲಾಕ್ಲನ್ ವಾಸ್ ಎಂಬ ಇಬ್ಬರು ಹೈಲೆಂಡಿನ ಆಳುಗಳು ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ಬಂದರು. ಹೀಗೆ ಐವರ ತಂಡವಾಯಿತು.

ಇಲ್ಲಿ ಸ್ವಲ್ಪ ನಿಂತು ಆ ರಸ್ತೆಯ ಕಥೆಯನ್ನು ಹೇಳಬೇಕು. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ಗೇಲಿಕ್ ಭಾಷೆಯನ್ನಾಡುವ ಕುಲಗಳು ತಮ್ಮ ತಮ್ಮ ನಾಯಕರ ಅಧೀನದಲ್ಲಿ ಬಾಳುತ್ತಿದ್ದವು. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ವಂಶದ ಪರವಾಗಿ ಅವುಗಳಲ್ಲಿ ಅನೇಕ ಕುಲಗಳು 1715ರಲ್ಲಿ ದಂಗೆಯೆದ್ದಾಗ ಲಂಡನ್ ಸರ್ಕಾರಕ್ಕೆ ಒಂದು ವಿಷಯ ಮನವರಿಕೆಯಾಯಿತು: ರಸ್ತೆಯಿಲ್ಲದ ನಾಡಿಗೆ ಸೈನ್ಯ ಹೋಗಲಾರದು. ಜನರಲ್ ವೇಡ್ ಎಂಬವನು 1725ರಿಂದ ಮೊದಲುಗೊಂಡು ಸೈನಿಕರ ಕೈಯಿಂದಲೇ ಸುಮಾರು 250 ಮೈಲಿ ರಸ್ತೆಯನ್ನು ಕಡಿಸಿದನು. ವಿಪರ್ಯಾಸವೆಂದರೆ 1745ರಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಮುಂದಾಳ್ತನದಲ್ಲಿ ಮತ್ತೆ ದಂಗೆಯೆದ್ದಾಗ, ದಂಗೆಕೋರರು ದಕ್ಷಿಣಕ್ಕೆ ವೇಗವಾಗಿ ನುಗ್ಗಿದ್ದು ಅದೇ ರಸ್ತೆಗಳ ಮೇಲೆ. 1746ರ ಏಪ್ರಿಲ್ 16ರಂದು ಇನ್ವರ್ನೆಸ್ ಬಳಿಯ ಕಲೋಡೆನ್ ಬಯಲಿನಲ್ಲಿ ಆ ಸೈನ್ಯ ಒಂದು ಗಂಟೆಯೂ ಹಿಡಿಯದ ಕದನದಲ್ಲಿ ನುಚ್ಚುನೂರಾಯಿತು. ಅನಂತರ ಬಂದವು ಕಾನೂನುಗಳು. ಕತ್ತಿ ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ; ಗಂಡಸರು ಚೌಕಳಿಯ ಸಾಂಪ್ರದಾಯಿಕ ಉಡುಪು ಧರಿಸುವಂತಿಲ್ಲ; ಕುಲನಾಯಕರು ನ್ಯಾಯ ತೀರ್ಮಾನಿಸುವಂತಿಲ್ಲ. ಉಡುಪಿನ ಮೇಲಿನ ನಿಷೇಧ 1782ರವರೆಗೂ ಉಳಿಯಿತು. ಜಾನ್ಸನ್ ತನ್ನ ಇಡೀ ಪ್ರವಾಸದಲ್ಲಿ ಆ ಹಳೆಯ ಉಡುಪನ್ನು ಸಂಪೂರ್ಣವಾಗಿ ತೊಟ್ಟ ಒಬ್ಬನೇ ಒಬ್ಬ ಗೃಹಸ್ಥನನ್ನು ಕಂಡನು. ಅವನು ನೋಡಲು ಬಂದದ್ದು ಹಳೆಯ ಕುಲಗಳ ಜೀವನವನ್ನು. ಬರುವ ವೇಳೆಗೆ ಅದು ಕೈಬಿಟ್ಟು ಹೋಗಿತ್ತು. ಬಂದದ್ದು ತಡವಾಯಿತೆಂದು ಅವನೇ ಒಪ್ಪಿಕೊಂಡಿದ್ದಾನೆ.

ನೆಸ್ ಸರೋವರದ ದಂಡೆಯಲ್ಲಿ, ಬಂಡೆ ಸಿಡಿಸಿ ಮಾಡಿದ ಆ ದಂಡಿನ ರಸ್ತೆಯಲ್ಲಿ ಹೋಗುತ್ತಿರುವಾಗ ಒಂದು ಗುಡಿಸಲು ಕಂಡಿತು. ಒಳಗೆ ಒಬ್ಬ ಮುದುಕಿ ಆಡಿನ ಮಾಂಸವನ್ನು ಬೇಯಿಸುತ್ತಿದ್ದಳು. ಅರವತ್ತು ಆಡುಗಳ ಒಡತಿ. ಇಂಗ್ಲಿಷ್ ಬಾರದು, ಆಳುಗಳು ದುಭಾಷಿಗಳಾದರು. ಜಾನ್ಸನ್ ಕುತೂಹಲದಿಂದ ಅವಳು ಮಲಗುವುದೆಲ್ಲಿ ಎಂದು ವಿಚಾರಿಸಲು, ಆಕೆ ಈ ದೈತ್ಯಾಕಾರದ ಅಪರಿಚಿತನ ಉದ್ದೇಶವನ್ನೇ ಶಂಕಿಸಿ ಗಾಬರಿಗೊಂಡಳು! ಕೊನೆಗೆ ಅವಳು ಕೇಳಿದ್ದು ಒಂದು ಚಿಟಿಕೆ ನಶ್ಯ. ಜಾನ್ಸನ್ ಇಂಥ ಮನೆಯ ಗೋಡೆಯನ್ನು ಹೇಗೆ ಕಟ್ಟುತ್ತಾರೆ, ಹೊಗೆ ಎಲ್ಲಿಂದ ಹೋಗುತ್ತದೆ, ಗಾಳಿಗೆ ಹುಲ್ಲಿನ ಛಾವಣಿ ಹಾರದಂತೆ ಕಲ್ಲುಗಳನ್ನು ಹೇಗೆ ತೂಗುಬಿಡುತ್ತಾರೆ ಎಂಬುದನ್ನೆಲ್ಲ ಒಬ್ಬ ಮೇಸ್ತ್ರಿಯಂತೆ ವಿವರಿಸುತ್ತಾನೆ. ದೊಡ್ಡ ವಿಷಯಗಳಿಗಿಂತ ಇಂಥ ಸಣ್ಣ ವಿಷಯಗಳಿಂದಲೇ ಒಂದು ಜನಾಂಗದ ಸ್ಥಿತಿ ತಿಳಿಯುತ್ತದೆಂಬುದು ಅವನ ಮತ. ನಮ್ಮ ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ರಾಜರ ಇಸವಿಗಳ ಜೊತೆಗೆ ಇಂಥ ಒಂದೆರಡು ಪುಟಗಳಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು.

ಮರುದಿನ, ಆಗಸ್ಟ್ 31ರಂದು, ಗ್ಲೆನ್‌ಮಾರಿಸ್ಟನ್ ಕಣಿವೆಯ ಅನೋಕ್ ಎಂಬಲ್ಲಿ ತಂಗಿದರು. ಮೂರೇ ಗುಡಿಸಲುಗಳ ಊರು. ಹೆಂಟೆಮಣ್ಣಿನ ಗೋಡೆಗೆ ಒಳಗಡೆ ಕಡ್ಡಿ ಹೆಣೆದು ಕಟ್ಟಿದ ಛತ್ರ. ಆದರೆ ಯಜಮಾನ ಮೆಕ್ವೀನನ ಬಳಿ ಪುಸ್ತಕಗಳಿದ್ದವು. ಅವನ ಮಗಳು ಚಹಾ ಕಾಸಿಕೊಟ್ಟಳು. ಜಾನ್ಸನ್ ಸಂತೋಷಪಟ್ಟು ಆ ಹುಡುಗಿಗೆ ಒಂದು ಪುಸ್ತಕವನ್ನು ಕೊಟ್ಟನು. ಯಾವ ಪುಸ್ತಕವೆಂದು ಬಲ್ಲಿರಾ? ಕಾಕರ್ ಎಂಬವನ ಅಂಕಗಣಿತ! ಇನ್ವರ್ನೆಸ್‌ನಲ್ಲಿ ಕೊಂಡದ್ದು. ಇದನ್ನು ಕೇಳಿ ಮುಂದೆ ಎಲ್ಲರೂ ನಕ್ಕರು. ಅದಕ್ಕೆ ಜಾನ್ಸನ್ ಕೊಟ್ಟ ಸಮಾಧಾನ ನನ್ನ ಗಣಿತದ ಸಹೋದ್ಯೋಗಿಗಳಿಗೆ ಪ್ರಿಯವಾದೀತು: ಪ್ರಯಾಣದಲ್ಲಿ ಒಂದೇ ಪುಸ್ತಕ ಇಟ್ಟುಕೊಳ್ಳುವುದಾದರೆ ಅದು ಶಾಸ್ತ್ರದ ಪುಸ್ತಕವಾಗಿರಬೇಕು, ಕಥೆಯ ಪುಸ್ತಕ ಒಮ್ಮೆ ಓದಿದರೆ ಮುಗಿಯಿತು, ಲೆಕ್ಕದ ಪುಸ್ತಕ ಮುಗಿಯುವುದೇ ಇಲ್ಲ ಎಂಬ ಅರ್ಥದ ಮಾತು ಅದು.

ಈ ಮೆಕ್ವೀನ್ ಅಂದು ರಾತ್ರಿ ಹೇಳಿದ ಲೆಕ್ಕ ಮಾತ್ರ ಕಾಕರ್‌ನ ಪುಸ್ತಕದಲ್ಲಿ ಇರುವಂಥದಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಅವನ ಜಮೀನಿನ ಗುತ್ತಿಗೆ ವರ್ಷಕ್ಕೆ 5 ಪೌಂಡು. ಈಗ 20 ಪೌಂಡು. ಹತ್ತು ಪೌಂಡಾದರೆ ಕೊಟ್ಟು ಬದುಕಬಹುದು, ಅದಕ್ಕೂ ಮೀರಿದರೆ ಆಗದು. ಆ ಕಣಿವೆಯಿಂದ ಎಪ್ಪತ್ತು ಮಂದಿ ಆಗಲೇ ಅಮೆರಿಕಕ್ಕೆ ಹೊರಟುಹೋಗಿದ್ದರು; ತಾನೂ ಮುಂದಿನ ವರ್ಷ ಹೊರಡುವವನೆಂದನು. ಕುಲನಾಯಕನಿಗೆ ಹಿಂದೆ ಬೇಕಾಗಿದ್ದುದು ಯುದ್ಧಕ್ಕೆ ಆಳು. ಆದ್ದರಿಂದ ಗುತ್ತಿಗೆ ಕಡಿಮೆ, ಜನ ಹೆಚ್ಚು. ಕತ್ತಿ ಕಿತ್ತುಕೊಂಡ ಮೇಲೆ ಆಳುಗಳಿಂದ ಪ್ರಯೋಜನವಿಲ್ಲ. ನಾಯಕನು ಜಮೀನುದಾರನಾದನು, ಬಂಧುಗಳು ಗೇಣಿದಾರರಾದರು, ಗುತ್ತಿಗೆ ಏರಿತು. ಮರುದಿನ ಬೆಳಗ್ಗೆ ಮೆಕ್ವೀನ್ ಕೆಲವು ಮೈಲಿ ಜೊತೆಗೆ ನಡೆದುಬಂದು, ತಾನೇ ಕಾದಾಡಿದ ಕಲೋಡೆನ್ ಕದನದ ವೃತ್ತಾಂತವನ್ನು ಹೇಳಿದನು. ಬಾಸ್ವೆಲ್ ಕಣ್ಣೀರು ತಡೆಯದಾದನು.

ಅದೇ ಸೆಪ್ಟೆಂಬರ್ 1ರ ದಿನ ಪ್ರವಾಸದಲ್ಲೇ ಕಠಿಣವಾದದ್ದು. ಮಧ್ಯಾಹ್ನ ಕುದುರೆಗಳು ಮೇಯಲೆಂದು ನಿಂತಾಗ ಜಾನ್ಸನ್ ಒಂದು ಸಣ್ಣ ಹೊಳೆಯ ದಂಡೆಯಲ್ಲಿ ಕುಳಿತನು. ಸುತ್ತಲೂ ಬೋಳು ಬೆಟ್ಟ, ಮುಂದೆ ನೀರು. ತನ್ನ ಪುಸ್ತಕದ ಆಲೋಚನೆ ಮೊದಲು ಹುಟ್ಟಿದ್ದು ಆ ಗಳಿಗೆಯಲ್ಲೆಂದು ಅವನು ಬರೆದಿದ್ದಾನೆ. ಮುಂದೆ ಒಂದು ಹಳ್ಳಿಯಲ್ಲಿ ಜನರೆಲ್ಲ ಸುತ್ತುಗಟ್ಟಿದರು, ಹಾಲು ಕೊಟ್ಟರು, ಬಾಸ್ವೆಲ್ ಮಕ್ಕಳಿಗೆ ಗೋಧಿ ರೊಟ್ಟಿಯನ್ನೂ ಕಾಸುಗಳನ್ನೂ ಹಂಚಿದನು. ಅನಂತರ ರಾಟಗನ್ ಎಂಬ ಕಡಿದಾದ ಘಟ್ಟ. ಭಾರ ಹೊತ್ತು ಕುದುರೆ ತತ್ತರಿಸಿತು. ಜಾನ್ಸನ್ ಸಿಡಿಮಿಡಿಗೊಂಡಿರಲು, ಜಾನ್ ಹೇ ಎಂಬ ಆಳು ಅವನನ್ನು ಮಗುವಿನಂತೆ ರಮಿಸಲು ಹೊರಟು, ಅಗೋ ಅಲ್ಲಿ ಎಷ್ಟು ಚೆಂದದ ಆಡುಗಳು ನೋಡಿ ಎಂದು ತೋರಿಸಿ, ಸಿಳ್ಳು ಹಾಕಿ ಅವುಗಳನ್ನು ನೆಗೆಸಿದನು! ಇಂಗ್ಲೆಂಡಿನ ವಿದ್ವತ್ಪ್ರಪಂಚವನ್ನೇ ನಡುಗಿಸುತ್ತಿದ್ದ ಪಂಡಿತನಿಗೆ ಘಟ್ಟದ ಇಳಿಜಾರಿನಲ್ಲಿ ಸಂದ ಉಪಚಾರವಿದು.

ಕತ್ತಲಾಗುತ್ತಿತ್ತು. ಛತ್ರದಲ್ಲಿ ಎಲ್ಲ ಸಿದ್ಧವಾಗಿದೆಯೇ ನೋಡೋಣವೆಂದು ಬಾಸ್ವೆಲ್ ಕುದುರೆಯನ್ನು ಮುಂದೆ ಓಡಿಸಿದನು. ಹಿಂದಿನಿಂದ ಜಾನ್ಸನ್ ಗರ್ಜಿಸಿ ಕರೆದನು. ಅಪರಿಚಿತ ಬೆಟ್ಟದಲ್ಲಿ, ಸರಿಯಾಗಿ ಕಣ್ಣು ಕಾಣದ ಮುದುಕನನ್ನು ಹೇಳದೆ ಕೇಳದೆ ಬಿಟ್ಟುಹೋಗುವುದೆಂದರೇನು? ಬಾಸ್ವೆಲ್ ಎಷ್ಟು ಸಮಜಾಯಿಷಿ ಹೇಳಿದರೂ ಕೋಪ ಇಳಿಯಲಿಲ್ಲ. ಕೊನೆಗೂ ಗ್ಲೆನೆಲ್ಗ್ ಛತ್ರ ತಲಪಿದರೆ ಅಲ್ಲಿ ಮಾಂಸವಿಲ್ಲ, ಹಾಲಿಲ್ಲ, ರೊಟ್ಟಿಯಿಲ್ಲ, ಮೊಟ್ಟೆಯಿಲ್ಲ. ವಿಸ್ಕಿ ಮಾತ್ರ ಇತ್ತು. ಕೋಣೆಯ ಹಾಸಿಗೆಯಿಂದ ಮಸಿ ಬಳಿದಂತಿದ್ದ ಒಬ್ಬ ಮನುಷ್ಯ ದಿಢೀರನೆ ಎದ್ದುನಿಂತನು! ಪಕ್ಕದ ಗೃಹಸ್ಥನೊಬ್ಬ ವಿಷಯ ತಿಳಿದು ಒಂದು ಶೀಸೆ ರಮ್ ಮತ್ತು ಸಕ್ಕರೆ ಕಳುಹಿಸಿದನು. ಹುಲ್ಲು ತರಿಸಿ ಹಾಸಿ, ಜಾನ್ಸನ್ ನಿಲುವಂಗಿಯಲ್ಲೇ ಅದರ ಮೇಲೆ ಉರುಳಿದನು. ಬಾಸ್ವೆಲ್ಲನಿಗೆ ಹುಲ್ಲಿನ ಮೇಲೆ ಮಡಿ ಹೊದಿಕೆ ಬೇಕಾಯಿತು. ಬೆಳಗ್ಗೆ ಜಾನ್ಸನ್ ತಣ್ಣಗಾಗಿ, ನೀನು ನಿನ್ನೆ ಹಿಂದಿರುಗದೆ ಹೋಗಿದ್ದರೆ ಎಡಿನ್‌ಬರೋವರೆಗೆ ಜೊತೆಗೆ ಬಂದು, ಆಮೇಲೆ ಜನ್ಮದಲ್ಲಿ ನಿನ್ನೊಡನೆ ಮಾತಾಡುತ್ತಿರಲಿಲ್ಲ ಎಂದು ಹೇಳಿ ಪ್ರಕರಣವನ್ನು ಮುಗಿಸಿದನು. ಗುಂಪಿನಲ್ಲಿ ದೂರದ ಪ್ರಯಾಣ ಮಾಡಿದವರೆಲ್ಲರಿಗೂ ಇಂಥ ಒಂದು ಸಂಜೆಯ ಪರಿಚಯವಿರುತ್ತದೆ.

ಸೆಪ್ಟೆಂಬರ್ 2ರಂದು ದೋಣಿಯಲ್ಲಿ ಸ್ಕೈ ದ್ವೀಪ ಸೇರಿದರು. ಅಲ್ಲಿ ರಸ್ತೆ ಎಂಬುದೇ ಇಲ್ಲ. ಜೌಗು ನೆಲದಲ್ಲಿ ಎಲ್ಲಿ ಕಾಲಿಟ್ಟರೆ ಹುದುಗುವುದೆಂದು ಬಲ್ಲ ಸ್ಥಳೀಯರ ಹಿಂದೆ ಹೋಗಬೇಕು. ಅಲ್ಲಿಂದ ಅಕ್ಟೋಬರ್ ಕೊನೆಯವರೆಗೆ ಮಳೆ ಗಾಳಿಗಳೇ ಅವರ ಯಜಮಾನರು. ಒಂದು ದಿನ ಬಿಡುವು ಕೊಟ್ಟರೆ ನಾಲ್ಕು ದಿನ ಕೂಡಿಹಾಕುತ್ತಿದ್ದವು. ಕಾದು ಕುಳಿತ ಆ ದಿನಗಳಲ್ಲಿಯೇ ಒಳ್ಳೆಯ ಮಾತುಕತೆಗಳು ನಡೆದವು. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಾಸೇ ದ್ವೀಪದಲ್ಲಿ ಪ್ರತಿರಾತ್ರಿ ಕುಣಿತ. ಮೂವರು ಗಂಡುಮಕ್ಕಳೂ ಹತ್ತು ಹೆಣ್ಣುಮಕ್ಕಳೂ ಇದ್ದ ಮನೆಯದು. ದಂಗೆಗೆ ಸೇರಿದ್ದಕ್ಕಾಗಿ ಆ ದ್ವೀಪದ ಮನೆಗಳನ್ನೆಲ್ಲ ಸರ್ಕಾರಿ ಪಡೆ ಸುಟ್ಟಿತ್ತು ಎಂಬುದನ್ನು ನೆನೆದರೆ ಆ ಕುಣಿತದ ಬೆಲೆ ತಿಳಿದೀತು. ಸೆಪ್ಟೆಂಬರ್ 12ರಂದು ಕಿಂಗ್ಸ್‌ಬರೋ ಎಂಬಲ್ಲಿ ಅವರಿಗೆ ಆತಿಥ್ಯ ನೀಡಿದವಳು ಫ್ಲೋರಾ ಮ್ಯಾಕ್‌ಡೊನಾಲ್ಡ್. 1746ರಲ್ಲಿ ಸೋತು ಓಡುತ್ತಿದ್ದ ರಾಜಕುಮಾರ ಚಾರ್ಲ್ಸನ ತಲೆಗೆ ಸರ್ಕಾರ 30,000 ಪೌಂಡು ಬಹುಮಾನ ಕಟ್ಟಿದ್ದಾಗ, ಅವನಿಗೆ ದಾಸಿಯ ವೇಷ ಹಾಕಿಸಿ ದೋಣಿಯಲ್ಲಿ ಸ್ಕೈ ದ್ವೀಪಕ್ಕೆ ದಾಟಿಸಿದ ತರುಣಿ ಈಕೆಯೇ. ಈಗ ಐವತ್ತು ದಾಟಿದ, ಸೌಮ್ಯ ನಡತೆಯ, ಪುಟ್ಟ ಆಕೃತಿಯ ಗೃಹಿಣಿ. ಆ ಮನೆಯಲ್ಲಿ ರಾಜಕುಮಾರ ಮಲಗಿದ್ದ ಹಾಸಿಗೆಯಲ್ಲೇ ಜಾನ್ಸನ್ ಅಂದು ಮಲಗಿದನು. ಅಷ್ಟು ಬಡತನದಲ್ಲೂ ಆ ಮೂವತ್ತು ಸಾವಿರಕ್ಕೆ ಯಾರೊಬ್ಬರೂ ಬಾಯಿಬಿಟ್ಟಿರಲಿಲ್ಲ. ಆದರೆ ಗುತ್ತಿಗೆ ಏರಿದ್ದು ಇವರನ್ನೂ ಬಿಡಲಿಲ್ಲ. ಮರುವರ್ಷ, 1774ರಲ್ಲಿ, ಫ್ಲೋರಾ ಗಂಡನೊಡನೆ ಅಮೆರಿಕದ ಉತ್ತರ ಕೆರೊಲಿನಾಕ್ಕೆ ವಲಸೆ ಹೋದಳು. ಅಲ್ಲಿ ಸ್ವಾತಂತ್ರ್ಯ ಯುದ್ಧ ಬಂದು, ಗಂಡನು ಬ್ರಿಟಿಷ್ ದೊರೆಯ ಪಕ್ಷ ಹಿಡಿದು ಸೆರೆಸಿಕ್ಕನು. ಯಾವ ರಾಜಮನೆತನದ ವಿರುದ್ಧ ಅವಳು ಹೆಸರಾಗಿದ್ದಳೋ ಅದೇ ಮನೆತನಕ್ಕಾಗಿ ಎಲ್ಲವನ್ನೂ ಕಳೆದುಕೊಂಡು ಸ್ಕಾಟ್ಲೆಂಡಿಗೆ ಮರಳಿ, 1790ರಲ್ಲಿ ಸ್ಕೈ ದ್ವೀಪದಲ್ಲಿಯೇ ತೀರಿಕೊಂಡಳು.

ಅಂದೇ ದಾರಿಯಲ್ಲಿ ಪೋರ್ಟ್ರೀ ಬಂದರಿನಲ್ಲಿ ವಲಸೆಗಾರರನ್ನು ಒಯ್ಯಲು ನಿಂತಿದ್ದ 'ನೆಸ್ಟರ್' ಎಂಬ ಹಡಗನ್ನು ಬಾಸ್ವೆಲ್ ಹತ್ತಿ ನೋಡಿಬಂದಿದ್ದನು. ಅವನ ದಿನಚರಿಯಲ್ಲಿ ನನ್ನನ್ನು ಬಹಳ ಕಾಡಿದ ಭಾಗ ಇದಕ್ಕೆ ಸಂಬಂಧಿಸಿದ್ದು. ಅಕ್ಟೋಬರ್ 2ರ ರಾತ್ರಿ ಸ್ಕೈ ದ್ವೀಪದ ಆರ್ಮಡೇಲಿನಲ್ಲಿ ಜನ ಒಂದು ಹೊಸ ಕುಣಿತವನ್ನು ಕುಣಿದರು. ಅದರ ಹೆಸರು 'ಅಮೆರಿಕ'. ಮೊದಲು ಒಂದು ಜೋಡಿ ಸುತ್ತತೊಡಗುತ್ತದೆ. ಅದು ಇನ್ನೊಂದನ್ನು ಎಳೆಯುತ್ತದೆ, ಅದು ಮತ್ತೊಂದನ್ನು. ಕೊನೆಗೆ ಇಡೀ ಕೋಣೆಯೇ ಗಿರಗಿರನೆ ತಿರುಗುತ್ತದೆ. ವಲಸೆಯ ಅಂಟುರೋಗವನ್ನು ಜನ ಹೀಗೆ ಕುಣಿತವಾಗಿ ಮಾಡಿಕೊಂಡಿದ್ದರು. ಅದೇ ಸಂದರ್ಭದಲ್ಲಿ ಅಲ್ಲಿಯ ಹೆಂಗಸೊಬ್ಬಳು ಹೇಳಿದ ಮಾತನ್ನು ಬಾಸ್ವೆಲ್ ದಾಖಲಿಸುತ್ತಾನೆ. ಹಿಂದಿನ ವರ್ಷ ಪೋರ್ಟ್ರೀಯಿಂದ ಹಡಗು ಹೊರಟಾಗ ದಡದಲ್ಲಿ ಉಳಿದವರು ನೆಲಕ್ಕೆ ಬಿದ್ದು ಹೊರಳಾಡಿದರು, ಹುಲ್ಲನ್ನು ಹಲ್ಲಿನಿಂದ ಕಿತ್ತರು. ಈ ವರ್ಷ ಒಂದು ಹನಿ ಕಣ್ಣೀರೂ ಇಲ್ಲ. ತಾವೂ ಇಷ್ಟರಲ್ಲೇ ಹೊರಡುವವರೆಂಬ ಭಾವ ದಡದವರಲ್ಲಿತ್ತು. ಎರಡು ಹಡಗುಗಳ ನಡುವೆ ಒಂದು ವರ್ಷದ ಅಂತರ. ಯಾವ ಅಂಕಿ ಅಂಶವೂ ಇದಕ್ಕಿಂತ ಸ್ಪಷ್ಟವಾಗಿ ಒಂದು ನಾಡು ಖಾಲಿಯಾದುದನ್ನು ಹೇಳಲಾರದು. ಕುರಿಗಳಿಗಾಗಿ ಜಮೀನುದಾರರು ಜನರನ್ನು ಹೊರಗಟ್ಟಿದ ದೊಡ್ಡ ದುರಂತ ಬಂದದ್ದು ಇನ್ನೂ ಮುಂದೆ, ಆ ಶತಮಾನದ ಕೊನೆಯಲ್ಲಿ ಮತ್ತು ಅದರ ಮುಂದಿನ ಶತಮಾನದಲ್ಲಿ. ಜಾನ್ಸನ್ ಅದರ ಮೊದಲ ಹೆಜ್ಜೆಗಳನ್ನು ಕಂಡನು. ದಂಗೆಯ ಭಯವಿಲ್ಲದಂತೆ ಮಾಡಲು ಪ್ರಜೆಗಳೇ ಇಲ್ಲದಂತೆ ಮಾಡುವುದು ರಾಜನೀತಿಯೇ ಎಂಬ ಅವನ ಕಟುವಾದ ಪ್ರಶ್ನೆಯನ್ನು ಓದಿದಾಗ, ಸ್ಕಾಟರನ್ನು ಹಂಗಿಸುತ್ತಿದ್ದ ಲಂಡನ್ನಿನ ಜಾನ್ಸನ್ ಇವನೇ ಏನು ಎನಿಸುತ್ತದೆ.

ಹಾಗೆಂದು ಅವನು ಹೇಳಿದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ಮ್ಯಾಕ್‌ಫರ್ಸನ್ ಎಂಬವನು ಆಸಿಯನ್ ಎಂಬ ಪ್ರಾಚೀನ ಕವಿಯ ಕಾವ್ಯಗಳನ್ನು ಅನುವಾದಿಸಿದೆನೆಂದು ಪ್ರಕಟಿಸಿದ್ದನ್ನು ಜಾನ್ಸನ್ ಮೋಸವೆಂದನು. ಬಹುಮಟ್ಟಿಗೆ ಅದು ಸರಿ. ಆದರೆ ಆ ಉತ್ಸಾಹದಲ್ಲಿ ಗೇಲಿಕ್ ಭಾಷೆಯಲ್ಲಿ ಹಳೆಯ ಬರಹವೇ ಇಲ್ಲವೆಂದು ಬರೆದುಬಿಟ್ಟನು. ಅದು ತಪ್ಪು. ಹದಿನಾರನೆಯ ಶತಮಾನದ ಹಸ್ತಪ್ರತಿಗಳೇ ಇವೆ. ಭಾಷೆಯ ಒಂದಕ್ಷರವೂ ತಿಳಿಯದೆ, ಎರಡು ತಿಂಗಳ ವಿಚಾರಣೆಯಿಂದ ಒಂದು ಸಾಹಿತ್ಯದ ಇರವನ್ನೇ ನಿರಾಕರಿಸುವುದು ಅವನಂಥ ನಿಘಂಟುಕಾರನಿಗೆ ಶೋಭಿಸುವ ಕೆಲಸವಾಗಿರಲಿಲ್ಲ.

ಅಕ್ಟೋಬರ್ 3ರಂದು ಸ್ಕೈ ಬಿಟ್ಟು ಹೊರಟ ಹಡಗು ಬಿರುಗಾಳಿಗೆ ಸಿಕ್ಕಿತು. ಜಾನ್ಸನ್ ಕೆಳಗಡೆ ವಾಂತಿಯಿಂದ ಬಳಲಿ, ಬೆನ್ನಿಗೆ ಬೆಚ್ಚಗಿರಲೆಂದು ಒಂದು ಬೇಟೆನಾಯಿಯನ್ನು ಒರಗಿಸಿಕೊಂಡು ಶಾಂತವಾಗಿ ಮಲಗಿದ್ದನು. ಮೇಲೆ ಬಾಸ್ವೆಲ್ ಭಯದಿಂದ ಪ್ರಾರ್ಥಿಸುತ್ತ, ನಾನೇನು ಮಾಡಲಿ ಎಂದು ಕೇಳುತ್ತಿದ್ದನು. ಕಾಲ್ ದ್ವೀಪದ ಒಡೆಯರ ಮಗ, ಡೊನಾಲ್ಡ್ ಮೆಕ್ಲೇನ್ ಎಂಬ ತರುಣ, ಅವನ ಕೈಗೆ ಕಂಬಕ್ಕೆ ಕಟ್ಟಿದ್ದ ಒಂದು ಹಗ್ಗ ಕೊಟ್ಟು, ನಾನು ಹೇಳುವವರೆಗೆ ಬಿಗಿಯಾಗಿ ಹಿಡಿದಿರು ಎಂದನು. ಆ ಹಗ್ಗದಿಂದ ಹಡಗಿಗೆ ಯಾವ ಉಪಕಾರವೂ ಇರಲಿಲ್ಲ. ಗಾಬರಿಗೊಂಡವನ ಕೈಗೊಂದು ಕೆಲಸ, ಅಷ್ಟೆ. ನಾಲ್ವತ್ತು ಮಕ್ಕಳ ತರಗತಿಯನ್ನು ನಿಭಾಯಿಸಿದ ಯಾವ ಉಪಾಧ್ಯಾಯನೂ ಈ ಉಪಾಯವನ್ನು ಮೆಚ್ಚದೆ ಇರಲಾರ. ಕೊನೆಗೆ ಕಾಲ್ ದ್ವೀಪದಲ್ಲಿ ದಡ ಹತ್ತಿ, ಅಕ್ಟೋಬರ್ 14ರವರೆಗೆ ಅಲ್ಲಿಯೇ ಸಿಕ್ಕಿಕೊಂಡರು. ಈ ಡೊನಾಲ್ಡ್ ವ್ಯವಸಾಯ ಕಲಿಯಲು ಇಂಗ್ಲೆಂಡಿಗೆ ಹೋಗಿಬಂದು, ದ್ವೀಪದಲ್ಲಿ ಟರ್ನಿಪ್ ಗೆಡ್ಡೆಯ ಬೇಸಾಯವನ್ನು ತಂದವನು. ಗುತ್ತಿಗೆ ಏರಿಸದೆ ಜನರನ್ನು ಉಳಿಸಿಕೊಂಡು ನಾಡನ್ನು ಉತ್ತಮಪಡಿಸಬೇಕೆಂದು ಯೋಚಿಸುತ್ತಿದ್ದವನು. ಜಾನ್ಸನ್‌ಗೆ ಆ ಹುಡುಗನ ಮೇಲೆ ಬಲು ಪ್ರೀತಿ. ಮರುವರ್ಷ ಸೆಪ್ಟೆಂಬರಿನಲ್ಲಿ, ಇದೇ ತಂಡವನ್ನು ಅವನು ದಾಟಿಸಿದ್ದ ಉಲ್ವಾ ಮತ್ತು ಇಂಚ್‌ಕೆನೆತ್ ನಡುವಿನ ನೀರಿನಲ್ಲಿಯೇ ದೋಣಿ ಮುಳುಗಿ ಅವನು ಸತ್ತನು.

ಮಲ್ ದ್ವೀಪದಲ್ಲಿ ಜಾನ್ಸನ್‌ನ ಓಕ್ ದೊಣ್ಣೆ ಕಳೆದುಹೋಯಿತು. ಸಿಕ್ಕೀತೆಂದು ಬಾಸ್ವೆಲ್ ಸಮಾಧಾನ ಹೇಳಿದರೆ, ಮರವೇ ಇಲ್ಲದ ಈ ನಾಡಿನಲ್ಲಿ ಅಷ್ಟು ದೊಡ್ಡ ದಿಮ್ಮಿ ಸಿಕ್ಕಿದವನು ಹಿಂದಕ್ಕೆ ಕೊಡುವನೇ ಎಂದು ಜಾನ್ಸನ್ ನಕ್ಕನು. ಅಕ್ಟೋಬರ್ 19ರ ರಾತ್ರಿ ಪುಣ್ಯಭೂಮಿಯೆನಿಸಿದ ಅಯೋನಾ ದ್ವೀಪದಲ್ಲಿ ಕಣಜದ ಹುಲ್ಲಿನ ಮೇಲೆ, ಪೆಟ್ಟಿಗೆಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದರು. ಜೊತೆಗೆ ಬಂದಿದ್ದ ಮೆಕ್ಲೇನ್ ಕುಲದ ನಾಯಕ ಸರ್ ಆಲನ್, ತನ್ನ ಕುಲದವನೊಬ್ಬ ಕೇಳಿದಾಗ ರಮ್ ಕಳುಹಿಸಲಿಲ್ಲವೆಂದು ಕೇಳಿ ಅವನನ್ನು ಎಲ್ಲರೆದುರು ಬೈದನು. ಆ ದ್ವೀಪ ಆಗಲೇ ಬೇರೊಬ್ಬ ಡ್ಯೂಕನ ಒಡೆತನಕ್ಕೆ ಸೇರಿತ್ತು. ಸರ್ ಆಲನ್‌ಗೆ ಅಲ್ಲಿ ಒಂದು ಅಂಗುಲ ನೆಲವೂ ಇರಲಿಲ್ಲ. ಆದರೂ ಬೈಸಿಕೊಂಡವನು ಬಾಸ್ವೆಲ್ಲನ ಬಳಿ ಅತ್ತುಕೊಂಡು, ಅವರು ತಮ್ಮ ನಾಯಿಯನ್ನು ಕಳುಹಿಸಿದ್ದರೂ ರಮ್ ಕೊಡುತ್ತಿದ್ದೆ, ಅವರಿಗಾಗಿ ನನ್ನ ಎಲುಬು ಕಡಿದುಕೊಡುವೆ ಎಂಬರ್ಥದಲ್ಲಿ ಹೇಳಿದನಂತೆ. ಕಾನೂನಿನಿಂದ ಹೋದದ್ದು ಮನಸ್ಸಿನಿಂದ ಹೋಗಿರಲಿಲ್ಲ.

ಅಲ್ಲಿಂದ ಓಬನ್, ಇನ್ವರೇರಿ, ಗ್ಲಾಸ್ಗೋ. ಇನ್ವರೇರಿಯಲ್ಲಿ ಜಾನ್ಸನ್, ಸ್ಕಾಟರಿಗೆ ಸುಖ ಕೊಡುವ ವಸ್ತು ಯಾವುದೋ ನೋಡೋಣವೆಂದು ಪ್ರವಾಸದಲ್ಲಿ ಮೊದಲ ಮತ್ತು ಕೊನೆಯ ಬಾರಿ ವಿಸ್ಕಿಯ ರುಚಿ ನೋಡಿದನು. ಮಳೆಯಲ್ಲಿ ತೋಯ್ದು ಬಂದವನಿಗೆ ಅದು ಬೇಕಾಗಿದ್ದೀತು. ಬಾಸ್ವೆಲ್ಲನ ತಂದೆಯ ಮನೆಯಲ್ಲಿ ರಾಜಕೀಯದ ಮೇಲೆ ಆ ತಂದೆಗೂ ಜಾನ್ಸನ್‌ಗೂ ದೊಡ್ಡ ಜಗಳವೇ ಆಯಿತು. ನವೆಂಬರ್ 9ರಂದು, ಹೊರಟ ಎಂಬತ್ತಮೂರನೆಯ ದಿನ, ಎಡಿನ್‌ಬರೋಗೆ ಮರಳಿದರು. ಜಾನ್ಸನ್‌ನ ಪುಸ್ತಕ 1775ರ ಜನವರಿಯಲ್ಲಿ ಹೊರಬಂದಿತು.

ಇಷ್ಟು ದೂರದ ಕಥೆಗೆ ನಮ್ಮ ನಾಡಿನ ನಂಟಿದೆಯೇ ಎಂದು ನೀವು ಕೇಳಿದರೆ, ಇದೆ. ಸ್ಕೈ ದ್ವೀಪದ ಓಸ್ಟೇಗಿನಲ್ಲಿ ಮಳೆಗೆ ಸಿಕ್ಕ ಇವರಿಗೆ ಆಶ್ರಯ ಕೊಟ್ಟವನು ಮಾರ್ಟಿನ್ ಮ್ಯಾಕ್‌ಫರ್ಸನ್ ಎಂಬ ಪಾದ್ರಿ. ಅವನ ತಮ್ಮ ಜಾನ್ ಮ್ಯಾಕ್‌ಫರ್ಸನ್ 1785ರಲ್ಲಿ ವಾರನ್ ಹೇಸ್ಟಿಂಗ್ಸನ ತರುವಾಯ ಭಾರತದ ಹಂಗಾಮಿ ಗವರ್ನರ್ ಜನರಲ್ ಆದನು. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದವನು ಡನ್ವೆಗನ್ ಕೋಟೆಯ ಒಡೆಯ, ಮೆಕ್ಲೌಡ್ ಕುಲದ ನಾಯಕ ನಾರ್ಮನ್. 1773ರ ಸೆಪ್ಟೆಂಬರಿನಲ್ಲಿ ಎಂಟು ದಿನ ಜಾನ್ಸನ್‌ನನ್ನು ಉಪಚರಿಸಿದಾಗ ಅವನಿಗೆ ಹತ್ತೊಂಬತ್ತೇ ವರ್ಷ. ಅಜ್ಜನಿಂದ ಕೋಟೆಯ ಜೊತೆಗೆ ಬೆಟ್ಟದಷ್ಟು ಸಾಲವೂ ಬಂದಿತ್ತು. ಮುದುಕನ ಮೇಲಿನ ಅಕ್ಕರೆಯಿಂದ ಅವನು, ವರ್ಷಕ್ಕೆ ಒಂದು ತಿಂಗಳಾದರೂ ಅಲ್ಲಿ ಬಂದು ಇರುವುದಾದರೆ ಈಸೇ ಎಂಬ ಪುಟ್ಟ ದ್ವೀಪವನ್ನು ನಿಮಗೇ ಕೊಡುತ್ತೇನೆಂದನು. ಜಾನ್ಸನ್ ಮಗುವಿನಂತೆ ಹಿಗ್ಗಿ, ಅಲ್ಲಿ ಮನೆ ಹೇಗೆ ಕಟ್ಟಿಸಬೇಕು, ಫಿರಂಗಿ ಎಲ್ಲಿಡಬೇಕು, ಯಾವ ಗಿಡ ನೆಡಬೇಕು ಎಂದು ದಿನವೆಲ್ಲ ಯೋಜಿಸಿದನು.

ಸಾಲ ತೀರಿಸಲು ನಾರ್ಮನ್ ಸೈನ್ಯ ಸೇರಿದನು. ಅಮೆರಿಕದ ಯುದ್ಧಕ್ಕೆ ಹೋಗಿ ಸೆರೆಯಾಗಿ, ಬಿಡುಗಡೆಯಾಗಿ, ಅನಂತರ 42ನೆಯ ಹೈಲೆಂಡ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿನ ಅಧಿಕಾರಿಯಾಗಿ ಭಾರತಕ್ಕೆ ಬಂದನು. 1782ರ ನವೆಂಬರಿನಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವಿನ ದಾಳಿಯನ್ನು ಎದುರಿಸಿದ ಪಡೆಯ ಮುಖಂಡ ಇವನು. ಮುಂದಿನ ತಿಂಗಳು ಹೈದರಾಲಿ ತೀರಿಕೊಂಡ ಸುದ್ದಿ ಬಂದು ಟಿಪ್ಪು ಹಿಂದಿರುಗಿದನು. 1783ರ ಏಪ್ರಿಲಿನಲ್ಲಿ ಮುಂಬಯಿಯಿಂದ ಹಡಗಿನಲ್ಲಿ ಬರುತ್ತಿದ್ದಾಗ ಮರಾಠರ ನೌಕಾಪಡೆಗೆ ಸಿಕ್ಕಿ ಗಾಯಗೊಂಡು ಸೆರೆಯಾದನು, ಬಿಡುಗಡೆಯೂ ಆಯಿತು. ಅವನ ಬೆಟಾಲಿಯನ್ನಿನ ಹೈಲೆಂಡ್ ಸಿಪಾಯಿಗಳಾದರೋ ಆ ಹೊತ್ತಿಗೆ ನಮ್ಮ ಮಂಗಳೂರಿನ ಕೋಟೆಯಲ್ಲಿದ್ದರು. ಮೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿದನು. ಕರಾವಳಿಯ ಮಳೆಗಾಲವಿಡೀ, ಜಾನ್ ಕ್ಯಾಂಬೆಲ್ ಎಂಬ ಇನ್ನೊಬ್ಬ ಹೈಲೆಂಡಿನವನ ನಾಯಕತ್ವದಲ್ಲಿ, ಅವರು ಹಸಿವಿನಿಂದಲೂ ರೋಗದಿಂದಲೂ ಸಾಯುತ್ತ ಆ ಕೋಟೆಯನ್ನು ಹಿಡಿದುಕೊಂಡಿದ್ದರು. ನವೆಂಬರಿನಲ್ಲಿ ನಾರ್ಮನ್ ಹಡಗುಗಳೊಡನೆ ಮಂಗಳೂರಿನೆದುರು ಬಂದನು. ಕದನವಿರಾಮದ ಕಟ್ಟಿಗೆ ಒಳಗಾಗಿ, ಕೋಟೆಯನ್ನು ಬಿಡಿಸಲಾರದೆ ಮರಳಿದನು. 1784ರ ಜನವರಿ 30ರಂದು ಉಳಿದವರು ಕೋಟೆಯನ್ನು ಒಪ್ಪಿಸಿ ಮರ್ಯಾದೆಯೊಡನೆ ಹೊರಬಂದರು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಇಷ್ಟೆಲ್ಲ ಆದರೂ ನಾರ್ಮನ್‌ನ ಸಾಲ ತೀರಲಿಲ್ಲ. 1801ರಲ್ಲಿ ಅವನು ಸತ್ತನು.

ಜಾನ್ಸನ್ ಈಸೇ ದ್ವೀಪದಲ್ಲಿ ಮನೆ ಕಟ್ಟಿಸಲೂ ಇಲ್ಲ, ಸ್ಕಾಟ್ಲೆಂಡಿಗೆ ಮತ್ತೆ ಹೋಗಲೂ ಇಲ್ಲ. ಮಂಗಳೂರಿನ ಒಪ್ಪಂದವಾದ ವರ್ಷವೇ, ಡಿಸೆಂಬರ್ 13ರಂದು, ಲಂಡನ್ನಿನಲ್ಲಿ ತೀರಿಕೊಂಡನು. ಬಾಸ್ವೆಲ್ ಮರುವರ್ಷ ತನ್ನ ದಿನಚರಿಯನ್ನು ತಿದ್ದಿ ಅಚ್ಚು ಹಾಕಿಸಿದನು. ತಿದ್ದದ ಮೂಲ ಪ್ರತಿ ಐರ್ಲೆಂಡಿನ ಮಲಹೈಡ್ ಕೋಟೆಯಲ್ಲಿ, ಕ್ರೋಕೆ ಆಟದ ಸಾಮಾನಿನ ಪೆಟ್ಟಿಗೆಯೊಂದರಲ್ಲಿ 1930ರಲ್ಲಿ ಸಿಕ್ಕಿತು.